ಹಳೆಯ ಕಾಗದ, ಹಳೆಯ ಪುಸ್ತಕದ ಚಿತ್ರ: ಕೊಲಾಜ್ ಮಾಡುವ ಸಮಗ್ರ ಮಾರ್ಗದರ್ಶಿ

ಅರ್ಧ ಗಂಟೆ ಕೂತು ಒಂದು ಹಕ್ಕಿಯ ಚಿತ್ರವನ್ನು ಗರಿಗರಿಯೂ ಬಿಡದಂತೆ ಕತ್ತರಿಸಿರುತ್ತೀರಿ. ಅಂಟು ಹಚ್ಚಿದ ಹತ್ತೇ ಸೆಕೆಂಡಿಗೆ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಬಿಡಿಸಲು ಹೋದರೆ ಕೊಕ್ಕು ಕಿತ್ತುಬರುತ್ತದೆ. ಹೇಗೋ ಕೂರಿಸಿದರೆ ಹಿಂಬದಿಯ ಅಕ್ಷರಗಳು ಹಕ್ಕಿಯ ಹೊಟ್ಟೆಯ ಮೇಲೆ ಮೂಡುತ್ತವೆ. ಹಳೆಯ ಕಾಗದದ ಕೊಲಾಜ್ (ಕತ್ತರಿಸಿದ ತುಣುಕುಗಳನ್ನು ಅಂಟಿಸಿ ಮಾಡುವ ಚಿತ್ರ) ಕೆಡುವುದು ಹೆಚ್ಚಾಗಿ ಇಲ್ಲೇ, ನೀರಿನಂಶ ಕಾಗದಕ್ಕೆ ತಾಗಿದ ಗಳಿಗೆಯಲ್ಲಿ. ಕಲ್ಪನೆ ಸಾಲದೆ ಕೆಟ್ಟವುಗಳಿಗಿಂತ ಕಾಗದದ ಗುಣ ತಿಳಿಯದೆ ಕೆಟ್ಟವೇ ಜಾಸ್ತಿ. ಆದ್ದರಿಂದ ಅಂಟಿನ ಬಟ್ಟಲಿಗೆ ಕೈಹಾಕುವ ಮೊದಲು ಕಾಗದದ ಬಳಿಯೇ ಸ್ವಲ್ಪ ಹೊತ್ತು ನಿಲ್ಲೋಣ.

ಕೈಯಲ್ಲಿರುವುದು ಯಾವ ಕಾಗದ?

ಹಳೆಯದಾದಷ್ಟೂ ಕಾಗದ ದುರ್ಬಲ ಎಂಬುದು ತಪ್ಪು ಲೆಕ್ಕ. 19ನೇ ಶತಮಾನದ ಮಧ್ಯಭಾಗದವರೆಗೆ ಯುರೋಪಿನ ಪುಸ್ತಕಗಳ ಕಾಗದ ಬಹುಮಟ್ಟಿಗೆ ಹತ್ತಿ, ನಾರಗಸೆ (ಲಿನನ್) ಬಟ್ಟೆಯ ಚಿಂದಿಯಿಂದ ತಯಾರಾಗುತ್ತಿತ್ತು. ಅದರ ನಾರು ಉದ್ದ, ಆಯುಷ್ಯವೂ ಉದ್ದ. 1840ರ ದಶಕದಲ್ಲಿ ಮರವನ್ನು ಅರೆದು ತಿರುಳು ತೆಗೆಯುವ ವಿಧಾನ ಬಂತು, ಕೆಲವು ದಶಕಗಳಲ್ಲಿ ಅಗ್ಗದ ಪುಸ್ತಕ, ಪತ್ರಿಕೆಗಳೆಲ್ಲ ಅದಕ್ಕೆ ತಿರುಗಿದವು. ಅರೆದ ಮರದ ತಿರುಳಿನಲ್ಲಿ ಉಳಿಯುವ ಲಿಗ್ನಿನ್ ಎಂಬ, ಮರದ ನಾರನ್ನು ಬೆಸೆದಿಡುವ ವಸ್ತು ಬೆಳಕು, ಗಾಳಿಗೆ ಹಳದಿಯಾಗುತ್ತದೆ. ಶಾಯಿ ಹರಡದಿರಲೆಂದು ಬೆರೆಸುತ್ತಿದ್ದ ಪಟಿಕ ಮತ್ತು ರಾಳ ಕಾಗದದೊಳಗೆ ಆಮ್ಲ ಹುಟ್ಟಿಸಿ ನಾರನ್ನು ತುಂಡರಿಸುತ್ತದೆ. ಹೀಗಾಗಿ 1790ರ ಒಂದು ಪುಟ ಬಟ್ಟೆಯಂತೆ ಮಡಚಿಕೊಳ್ಳುವಾಗ 1920ರ ಪುಟ ಹಪ್ಪಳದಂತೆ ಮುರಿಯುವುದುಂಟು.

ಯಾವ ಹಾಳೆಯನ್ನಾದರೂ ಬಳಸುವ ಮೊದಲು ಐದು ಪರೀಕ್ಷೆ ಮಾಡಿ. ಎಲ್ಲಕ್ಕೂ ಸೇರಿ ಐದು ನಿಮಿಷ ಸಾಕು.

ಮೊದಲನೆಯದು ಮಡಿಕೆ. ಚಿತ್ರವಿಲ್ಲದ ಒಂದು ಮೂಲೆಯನ್ನು ಮುಂದಕ್ಕೆ, ಹಿಂದಕ್ಕೆ ಮಡಚಿ. ಎರಡು ಮೂರು ಸಲಕ್ಕೇ ಮೂಲೆ ಉದುರಿದರೆ ಆ ಹಾಳೆಗೆ ಹಿಂಬದಿಯಲ್ಲಿ ಆಸರೆ ಕೊಡದೆ ಕತ್ತರಿಸಬಾರದು.

ಎರಡನೆಯದು ಆಮ್ಲ. ಪಿಎಚ್ ಪೆನ್ನಿನಿಂದ (ಆಮ್ಲ ತಿಳಿಸುವ ಪೆನ್ನು) ಅಂಚಿನಲ್ಲೊಂದು ಚುಕ್ಕೆ ಇಡಿ. ನೇರಳೆಗೆ ತಿರುಗಿದರೆ ಕಾಗದ ಸುರಕ್ಷಿತ, ಹಳದಿಯಾಗೇ ಉಳಿದರೆ ಆಮ್ಲೀಯ. ಈ ಚುಕ್ಕೆ ಅಳಿಸಿಹೋಗುವುದಿಲ್ಲ, ಬಿಸಾಡುವ ಅಂಚಿನಲ್ಲೇ ಇಡಿ.

ಮೂರನೆಯದು ಬಣ್ಣ. ಹತ್ತಿ ಕಡ್ಡಿಯನ್ನು ನೀರಿಗೆ ಅದ್ದಿ, ಹಿಂಡಿ, ಚಿತ್ರದ ಒಂದು ಮೂಲೆಗೆ ಹತ್ತು ಸೆಕೆಂಡು ಒತ್ತಿ. ಅಚ್ಚಿನ ಕಪ್ಪು ಶಾಯಿ ಎಣ್ಣೆ ಮೂಲದ್ದಾದ್ದರಿಂದ ಅಲುಗುವುದಿಲ್ಲ. ಕೈಯಿಂದ ಬಣ್ಣ ತುಂಬಿದ ಹಳೆಯ ಚಿತ್ರಗಳು ಮಾತ್ರ ಜಲವರ್ಣದವು, ಕಡ್ಡಿಗೆ ಅಂಟಿಕೊಂಡು ಬಂದುಬಿಡುತ್ತವೆ.

ನಾಲ್ಕನೆಯದು ಹೊಳಪು. ಫೋಟೋ ಅಚ್ಚಾದ ನುಣುಪಾದ ಆರ್ಟ್ ಪೇಪರಿನ ಮೇಲೆ ಜೇಡಿಯ ಲೇಪವಿರುತ್ತದೆ. ಒದ್ದೆಯಾದರೆ ಆ ಲೇಪ ಗೋಂದಿನಂತಾಗಿ ಪಕ್ಕದ ಹಾಳೆಗೆ ಅಂಟಿ, ಒಣಗಿದ ಮೇಲೆ ಪದರವೇ ಕಿತ್ತುಬರುತ್ತದೆ. ಇಂಥ ಹಾಳೆಗೆ ನೀರು ಕಡಿಮೆ ಇರುವ ಅಂಟೇ ಸರಿ.

ಐದನೆಯದು ಎಲ್ಲಕ್ಕಿಂತ ಮುಖ್ಯ, ನಾರಿನ ದಿಕ್ಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಒದ್ದೆಯಾದಾಗ ಕಾಗದ ಆ ದಿಕ್ಕಿಗೆ ಅಡ್ಡವಾಗಿ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಹಿಗ್ಗದು. ಬೇಡದ ತುಂಡೊಂದನ್ನು 3 ಸೆಂ.ಮೀ. ಚೌಕವಾಗಿ ಕತ್ತರಿಸಿ, ಒಂದೇ ಮಗ್ಗುಲು ಒದ್ದೆ ಮಾಡಿ ಅಂಗೈಯಲ್ಲಿಡಿ. ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಕೊಳವೆ ಯಾವ ಕಡೆಗೆ ಉದ್ದವೋ ಅದೇ ನಾರಿನ ದಿಕ್ಕು. ಕತ್ತರಿಸುವ ಮೊದಲು ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬಾಣದ ಗುರುತು ಹಾಕಿಡಿ. ಕತ್ತರಿಸಿದ ಮೇಲೆ ಈ ದಿಕ್ಕು ಹುಡುಕುವುದು ತಲೆನೋವು.

ಬಳಸಬಾರದ್ದು, ಎಚ್ಚರದಿಂದ ಮುಟ್ಟಬೇಕಾದ್ದು

19ನೇ ಶತಮಾನದ ಕಡುಹಸಿರು ಬಟ್ಟೆಯ ಹೊದಿಕೆಯಿರುವ ಪುಸ್ತಕ ಸಿಕ್ಕರೆ ಖುಷಿಪಡುವ ಮೊದಲು ಕೈತೊಳೆದುಕೊಳ್ಳಿ. ಆ ಕಾಲದ ಎಮರಾಲ್ಡ್ ಗ್ರೀನ್ ಎಂಬ ಬಣ್ಣದಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇದೆ. ಪುಸ್ತಕದ ಬಟ್ಟೆಗೆ, ಗೋಡೆಗೆ ಅಂಟಿಸುವ ಕಾಗದಕ್ಕೆ, ಕೈಬಣ್ಣದ ಚಿತ್ರಗಳಿಗೆ ಎಲ್ಲದಕ್ಕೂ ಅದನ್ನು ಬಳಸುತ್ತಿದ್ದರು. ಅನುಮಾನ ಬಂದರೆ ನೈಟ್ರೈಲ್ ಕೈಗವಸು ಹಾಕಿ, ಜಿಪ್ ಚೀಲದಲ್ಲಿ ಮುಚ್ಚಿಡಿ. ಕತ್ತರಿಸುವುದು, ಉಜ್ಜುವುದು ಬೇಡವೇ ಬೇಡ. ಚೆನ್ನಾದ ಹಸಿರು ಬೇರೆ ಕಡೆ ಸಿಗುತ್ತದೆ.

ಬೂಷ್ಟು ಹಿಡಿದ ಪುಸ್ತಕವನ್ನು ಕೆಲಸದ ಕೋಣೆಗೆ ತರಬೇಡಿ. ಹಸಿ ಬೂಷ್ಟು ಕೈಗೆ ಮೆತ್ತುತ್ತದೆ, ಒಣಗಿದ್ದು ಪುಡಿಯಾಗಿ ಹಾರುತ್ತದೆ. ಎರಡೂ ಉಸಿರಿಗೆ ಒಳ್ಳೆಯದಲ್ಲ, ಉಳಿದ ಸಂಗ್ರಹಕ್ಕೂ ಹಬ್ಬುತ್ತವೆ. ಕಂದುಕೆಂಪು ಚುಕ್ಕೆಗಳು ಮಾತ್ರ ಇದ್ದು ವಾಸನೆ, ಪುಡಿ ಇಲ್ಲದಿದ್ದರೆ ಚಿಂತೆಯಿಲ್ಲ. ಎಷ್ಟೋ ಸಲ ಆ ಚುಕ್ಕೆಗಳೇ ಚಿತ್ರಕ್ಕೆ ಕಳೆ ಕೊಡುತ್ತವೆ.

ಹುಳುವಿನ ಗುರುತು ಕಂಡರೆ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮನೆಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ನೀರು ಹನಿಗಟ್ಟುತ್ತದೆ. ಇದರಿಂದ ಹುಳು ಸಾಯುತ್ತದೆ, ಬೂಷ್ಟು ಸಾಯುವುದಿಲ್ಲ.

ಅಸಲು ಹಾಳೆಯೋ, ಪ್ರತಿಯೋ

ಪೂರ್ತಿ ಗಟ್ಟಿಯಾಗಿರುವ, ಅಪರೂಪದ ಪುಸ್ತಕಕ್ಕೆ ಕತ್ತರಿ ಹಾಕಬೇಡಿ. ಬೆನ್ನು ಮುರಿದ, ಪುಟ ಕಳೆದುಹೋದ, ಯಾರೂ ಓದದ ಪುಸ್ತಕಗಳೇ ಕೊಲಾಜ್‌ಗೆ ಹೇಳಿಮಾಡಿಸಿದ ಸಾಮಗ್ರಿ. ಮುಖ್ಯ ಚಿತ್ರಗಳಿಗೆ ಪ್ರತಿ ತೆಗೆದುಕೊಂಡು, ಅಸಲು ಕಾಗದವನ್ನು ಹಿನ್ನೆಲೆಗೆ, ಅಕ್ಷರದ ತುಣುಕಿಗೆ, ಖಾಲಿ ಅಂಚಿನ ಹಳದಿಗೆ ಬಳಸುವುದು ಜಾಣತನ. ತಪ್ಪಾದರೆ ಇನ್ನೊಂದು ಪ್ರತಿ ತೆಗೆಯಬಹುದು, ಅಳತೆ ಬದಲಿಸಬಹುದು, ಹಿಂಬದಿಯ ಅಕ್ಷರದ ಕಾಟವೂ ಇಲ್ಲ.

ಸ್ಕ್ಯಾನ್ ಮಾಡುವಾಗ ಗೆರೆಚಿತ್ರಕ್ಕೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಇಡಿ. ಮುದ್ರಿಸುವ ಅಳತೆಯಲ್ಲಿ 300 ಡಿಪಿಐ ಉಳಿಯಬೇಕು, ಅಂದರೆ ಎರಡು ಪಟ್ಟು ದೊಡ್ಡದು ಮಾಡುವುದಾದರೆ 600 ಕನಿಷ್ಠ. ಹಾಳೆಯ ಹಿಂದೆ ಕಪ್ಪು ಕಾಗದವಿಟ್ಟು ಸ್ಕ್ಯಾನ್ ಮಾಡಿದರೆ ಹಿಂಬದಿಯ ಅಚ್ಚು ಕಾಣುವುದಿಲ್ಲ. ಫೋಟೋಗಳು ಹಾಫ್‌ಟೋನ್ ಚುಕ್ಕಿಗಳಿಂದ ಅಚ್ಚಾಗಿದ್ದರೆ ಸ್ಕ್ಯಾನಿನಲ್ಲಿ ಅಲೆಅಲೆಯ ವಿನ್ಯಾಸ ಬರುತ್ತದೆ. ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆ ಬಳಸಿ, ಅಥವಾ ಹೆಚ್ಚು ಡಿಪಿಐಯಲ್ಲಿ ತೆಗೆದು ಆಮೇಲೆ ಕುಗ್ಗಿಸಿ.

ಪ್ರತಿ ತೆಗೆಯಲು ಲೇಸರ್ ಪ್ರಿಂಟರೇ ಆಗಬೇಕು. ಅದರ ಟೋನರ್ ನೀರಿಗೆ ಕರಗುವುದಿಲ್ಲ. ಸಾಮಾನ್ಯ ಇಂಕ್‌ಜೆಟ್‌ನ ಶಾಯಿ ಅಂಟು ತಾಗಿದೊಡನೆ ನೇರಳೆಯಾಗಿ ಹರಡುತ್ತದೆ. 80ರಿಂದ 100 ಜಿಎಸ್‌ಎಂನ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕ), ಆಮ್ಲವಿಲ್ಲದ, ಕೆನೆಬಣ್ಣದ ಕಾಗದ ತೆಗೆದುಕೊಳ್ಳಿ. ಅಚ್ಚ ಬಿಳಿ ಕಾಗದದ ಮೇಲೆ ಅಚ್ಚಾದ ಹಳೆಯ ಚಿತ್ರ ಅಸಲು ಹಾಳೆಯ ಪಕ್ಕದಲ್ಲಿ ಪರಕೀಯವಾಗಿ ಕಾಣುತ್ತದೆ.

ಪುಸ್ತಕವೇ ಇಲ್ಲದವರಿಗೂ ದಾರಿಯಿದೆ. ಬ್ರಿಟಿಷ್ ಲೈಬ್ರರಿ 2013ರಲ್ಲಿ 17ರಿಂದ 19ನೇ ಶತಮಾನದ ಪುಸ್ತಕಗಳ 10 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಫ್ಲಿಕರ್ ಎಂಬ ಫೋಟೋ ಜಾಲತಾಣದಲ್ಲಿ ಯಾರು ಬೇಕಾದರೂ ಬಳಸಲೆಂದು ಬಿಟ್ಟಿತು. ಗಿಡ, ಪ್ರಾಣಿ, ಹಕ್ಕಿಗಳಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಸಾಟಿಯಿಲ್ಲ. ಮಾರಾಟಕ್ಕೆ ಮಾಡುವವರು ಹಕ್ಕುಸ್ವಾಮ್ಯ ನೋಡಿಕೊಳ್ಳಿ. ಹಲವು ದೇಶಗಳಲ್ಲಿ ಅದು ಕರ್ತೃ ತೀರಿಕೊಂಡ ಮೇಲೂ 50ರಿಂದ 70 ವರ್ಷ ಉಳಿಯುತ್ತದೆ. ಲೇಖಕ ತೀರಿ ಬಹಳ ವರ್ಷವಾಗಿದ್ದರೂ ಚಿತ್ರ ಬರೆದವರು ತಡವಾಗಿ ತೀರಿಕೊಂಡಿರಬಹುದು. ಲೆಕ್ಕ ಹಾಕಬೇಕಾದ್ದು ಚಿತ್ರಕಾರರದ್ದು.

ಪುಸ್ತಕದಿಂದ ಪುಟ ತೆಗೆಯುವುದು

ಪುಟವನ್ನು ಎಳೆದು ಹರಿಯಬೇಡಿ. ಅದರ ಅಡಿಗೆ ಕಟಿಂಗ್ ಮ್ಯಾಟ್ ತೂರಿಸಿ, ಬೆನ್ನಿನಿಂದ 5ರಿಂದ 8 ಮಿ.ಮೀ. ಬಿಟ್ಟು ಲೋಹದ ಸ್ಕೇಲು ಇಟ್ಟು, ಬ್ಲೇಡನ್ನು ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಆ ಅಂಚು ಬಿಡುವುದಕ್ಕೆ ಕಾರಣವಿದೆ. ಹೊಲಿದ ಪುಸ್ತಕದಲ್ಲಿ ಒಂದೇ ಹಾಳೆ ಮಡಿಕೆಯಾಗಿ ಎರಡು ಎಲೆಗಳಾಗಿರುತ್ತದೆ. ಈ ಎಲೆಯನ್ನು ಬುಡದಲ್ಲೇ ಕೊಯ್ದರೆ ಹೊಲಿಗೆಯ ಆಚೆಗಿನ ಜೊತೆ ಎಲೆಯೂ ಸಡಿಲವಾಗಿ ಉದುರುತ್ತದೆ.

ಉಪಕರಣ ಮತ್ತು ತಳ

11ನೇ ನಂಬರಿನ ಬ್ಲೇಡು ಕೂರುವ ಕ್ರಾಫ್ಟ್ ಚಾಕು, ಚೂಪು ಮೂತಿಯ ಸಣ್ಣ ಕತ್ತರಿ, ಕಟಿಂಗ್ ಮ್ಯಾಟ್, ಲೋಹದ ಸ್ಕೇಲು, ತುದಿ ಬಾಗಿದ ಚಿಮುಟ, 1 ಇಂಚು ಮತ್ತು ಕಾಲು ಇಂಚಿನ ಚಪ್ಪಟೆ ಕುಂಚ, ಬೋನ್ ಫೋಲ್ಡರ್ (ಕಾಗದ ಒತ್ತಿ ಕೂರಿಸುವ ಮೊಂಡು ಪಟ್ಟಿ), ಸಿಲಿಕೋನ್ ಲೇಪಿಸಿದ ಬೇಕಿಂಗ್ ಪೇಪರ್, ಬ್ಲಾಟಿಂಗ್ ಪೇಪರ್, ಎರಡು ನಯವಾದ ಹಲಗೆ. ಇಷ್ಟು ಸಾಕು.

ತಳಕ್ಕೆ 300 ಜಿಎಸ್‌ಎಂ ಜಲವರ್ಣ ಕಾಗದ ಎ4 ಅಳತೆಯವರೆಗೆ ತಡೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ, ಅಥವಾ ಐದಾರು ಪದರ ಬರುವುದಿದ್ದರೆ 2 ಮಿ.ಮೀ. ದಪ್ಪದ ಆಮ್ಲವಿಲ್ಲದ ಮೌಂಟ್ ಬೋರ್ಡ್ ಬೇಕು. ಪೆಟ್ಟಿಗೆಯ ಕಂದು ರಟ್ಟು ಬೇಡ. ಅದರ ಆಮ್ಲ ಕೆಳಗಿನಿಂದ ಮೇಲಕ್ಕೇರಿ ಒಳ್ಳೆಯ ಕಾಗದವನ್ನೂ ಕಂದಾಗಿಸುತ್ತದೆ.

ಕತ್ತರಿಸುವ ಕ್ರಮ

ಹಪ್ಪಳದಂಥ ಹಾಳೆಯಾದರೆ ಮೊದಲು ಅದರ ಹಿಂಬದಿಗೆ ತೆಳುವಾದ ಗೋಧಿ ಗೋಂದಿನಿಂದ (ಮಾಡುವ ರೀತಿ ಮುಂದಿದೆ) ಜಪಾನಿ ಟಿಶ್ಯೂ ಎಂಬ ತೆಳು, ಗಟ್ಟಿ ಕಾಗದ ಅಂಟಿಸಿ, ಭಾರದಡಿ ಒಂದು ರಾತ್ರಿ ಒಣಗಿಸಿ, ಆಮೇಲೆ ಕತ್ತರಿಸಿ. ಕತ್ತರಿಸಿದ ಮೇಲೆ ಆಸರೆ ಕೊಡಲು ಹೋದರೆ ಸಣ್ಣ ಭಾಗಗಳು ಹಿಗ್ಗಿ ಸೊಟ್ಟಗಾಗುತ್ತವೆ.

ಮೊದಲು ಚಿತ್ರದ ಸುತ್ತ 2 ಸೆಂ.ಮೀ. ಬಿಟ್ಟು ಒರಟಾಗಿ ಬಿಡಿಸಿಕೊಳ್ಳಿ. ಬಳಿಕ ಒಳಗಿನ ಕಿಂಡಿಗಳು, ಅಂದರೆ ತೋಳಿನ ಸಂದು, ಕೊಂಬೆಗಳ ನಡುವಿನ ಖಾಲಿ ಜಾಗ. ಹೊರಗೆರೆ ಕಟ್ಟಕಡೆಗೆ. ಹೊರಗೆರೆ ಮೊದಲೇ ಕತ್ತರಿಸಿದರೆ ಹಿಡಿಯಲು ಜಾಗ ಉಳಿಯುವುದಿಲ್ಲ, ಒಳಗಿನ ಕಿಂಡಿ ಕೊರೆಯುವಾಗ ಸಣ್ಣ ಕಾಂಡಗಳು ಮುರಿಯುತ್ತವೆ. ಬಾಗಿದ ಗೆರೆಯಲ್ಲಿ ಬ್ಲೇಡು ನಿಂತಲ್ಲೇ ಇರಲಿ, ಕಾಗದ ತಿರುಗಲಿ. ಹಾಳೆ ಸೀಳದೆ ನಾರು ಎಳೆದು ಬರತೊಡಗಿದರೆ ಬ್ಲೇಡು ಮೊಂಡಾಗಿದೆ ಎಂದರ್ಥ. ಹಳೆಯ ಕಾಗದದಲ್ಲಿರುವ ಜೇಡಿ ಬ್ಲೇಡನ್ನು ಬೇಗ ತಿನ್ನುತ್ತದೆ, ಜಿಪುಣತನ ಬೇಡ.

ಬ್ಲೇಡನ್ನು ನೆಟ್ಟಗೆ ಹಿಡಿಯದೆ, ಅಂಚಿನ ಇಳಿಜಾರು ಚಿತ್ರದ ಅಡಿಗೆ ಹೋಗುವಂತೆ ಸ್ವಲ್ಪ ಓರೆ ಮಾಡಿ. ಆಗ ಕಾಗದದ ಬಿಳಿ ಅಂಚು ಮೇಲಿನಿಂದ ಕಾಣದು. ಅಷ್ಟಾದರೂ ಕಂಡರೆ ಚಿತ್ರದ ಬಣ್ಣಕ್ಕೆ ಹೊಂದುವ ಪೆನ್ಸಿಲ್ ಅಥವಾ ತೆಳು ಜಲವರ್ಣವನ್ನು ಹಿಂಬದಿಯಿಂದ ಅಂಚಿಗೆ ಸವರಿ. ಕಪ್ಪು ಹಿನ್ನೆಲೆಯ ಕೊಲಾಜ್‌ಗಂತೂ ಇದು ಕಡ್ಡಾಯ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಕಲಾವಿದೆ ಮೇರಿ ಡಿಲೇನಿ ಎಪ್ಪತ್ತು ದಾಟಿದ ಮೇಲೆ ಶುರುಮಾಡಿ ಸುಮಾರು ಹತ್ತು ವರ್ಷಗಳಲ್ಲಿ ಕಪ್ಪು ನೆಲದ ಮೇಲೆ 900ಕ್ಕೂ ಹೆಚ್ಚು ಕಾಗದದ ಹೂಗಿಡಗಳನ್ನು ಮಾಡಿದರು. ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನೂರಾರು ತುಣುಕುಗಳ ಒಂದು ಹೂವು ಬರೆದ ಚಿತ್ರದಂತೆ ಕಾಣುವುದು ಅಂಚುಗಳ ಮೇಲಿನ ಈ ಬಗೆಯ ಕಾಳಜಿಯಿಂದ.

ಜೋಡಣೆ

ಅಂಟಿಸದೆ ಜೋಡಿಸಿ ನೋಡುವುದಕ್ಕೆ ಕನಿಷ್ಠ ಒಂದು ದಿನ ಕೊಡಿ. ಪ್ರತಿ ಜೋಡಣೆಯನ್ನೂ ಫೋನಿನಲ್ಲಿ ಫೋಟೋ ತೆಗೆದು, ಕಪ್ಪುಬಿಳುಪಿಗೆ ತಿರುಗಿಸಿ ನೋಡಿ. ಹಳೆಯ ಪುಟಗಳೆಲ್ಲ ಹಳದಿ, ಕಂದು, ಬೂದಿಯ ನಡುವೆಯೇ ಇರುವುದರಿಂದ ಎಲ್ಲವೂ ಒಂದೇ ಮಟ್ಟದಲ್ಲಿ ಕಲಸಿಹೋಗುತ್ತದೆ. ಒಂದಾದರೂ ಗಾಢ ಕಪ್ಪು, ಒಂದಾದರೂ ತೆರೆದ ಬಿಳಿ ಬೇಕು.

ಎರಡು ವಿಷಯ ಕಣ್ಣಿಗೆ ಬೀಳದಿದ್ದರೂ ಕೊಲಾಜನ್ನು ಕೆಡಿಸುತ್ತವೆ. ಒಂದು ಬೆಳಕು. ಹಳೆಯ ಗೆರೆಚಿತ್ರಗಳಲ್ಲಿ ಬೆಳಕು ಹೆಚ್ಚಾಗಿ ಎಡಮೇಲಿನಿಂದ ಬೀಳುತ್ತದೆ. ಒಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಮುದ್ರಿಸಿದರೆ ಅದರ ನೆರಳು ಉಲ್ಟಾ ಆಗಿ, ಏನೋ ಸರಿಯಿಲ್ಲ ಎನಿಸುತ್ತದೆ. ಇನ್ನೊಂದು ಗೆರೆಯ ದಪ್ಪ. ಎರಡು ಪಟ್ಟು ಹಿಗ್ಗಿಸಿದ ಚಿತ್ರದ ಗೆರೆಗಳೂ ಎರಡು ಪಟ್ಟು ದಪ್ಪವಾಗಿರುತ್ತವೆ. ಪಕ್ಕದಲ್ಲಿ ಅಸಲು ಅಳತೆಯ ಕೂದಲೆಳೆ ಗೆರೆಗಳಿದ್ದರೆ ಎರಡೂ ಬೇರೆ ಬೇರೆ ಲೋಕದವು ಅನ್ನುವುದು ಬಯಲಾಗುತ್ತದೆ. ಚಿತ್ರಗಳು ಒಂದೇ ದೃಶ್ಯದಲ್ಲಿ ಬೆರೆತುಹೋಗಬೇಕೆಂದರೆ ಹಿಗ್ಗಿಸುವುದನ್ನೂ ಕುಗ್ಗಿಸುವುದನ್ನೂ ಶೇ. 80ರಿಂದ 130ರೊಳಗೆ ಇಟ್ಟುಕೊಳ್ಳಿ. ಅಳತೆಯ ವಿಪರೀತವೇ ಬೇಕಿದ್ದರೆ, ಬೇಕೆಂದೇ ಮಾಡಿದ್ದೆಂದು ತೋರುವಂತೆ ಐದಾರು ಪಟ್ಟು ಹಿಗ್ಗಿಸಿ. ನಡುವಿನದ್ದು ಮಾತ್ರ ತಪ್ಪಿನಂತೆ ಕಾಣುತ್ತದೆ.

ಜೋಡಣೆ ಒಪ್ಪಿಗೆಯಾದ ಮೇಲೆ ಮೇಲೊಂದು ಟ್ರೇಸಿಂಗ್ ಪೇಪರ್ ಹಾಸಿ, ಮೇಲಂಚನ್ನು ಟೇಪಿನಿಂದ ತಳಕ್ಕೆ ಸಿಕ್ಕಿಸಿ, ಪ್ರತಿ ತುಣುಕಿನ ಹೊರಗೆರೆ ಎಳೆದು ನಂಬರು ಕೊಡಿ. ತುಣುಕಿನ ಹಿಂದೆಯೂ ಅದೇ ನಂಬರು. ಅಂಟಿಸುವಾಗ ಈ ಹಾಳೆಯನ್ನು ಇಳಿಸಿ ನೋಡಿದರೆ ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತದೆ.

ಅಂಟು

ಗೋಧಿ ಪಿಷ್ಟದ ಗೋಂದು ತೆಳುವಾದ ಹಳೆಯ ಕಾಗದಕ್ಕೆ ಹೇಳಿಮಾಡಿಸಿದ್ದು. ಮುಂದೆ ಬಿಡಿಸಬೇಕೆಂದರೂ ನೀರಿನಿಂದ ಬಿಡಿಸಬಹುದು. 20 ಗ್ರಾಂ ಗೋಧಿ ಪಿಷ್ಟವನ್ನು 100 ಮಿ.ಲೀ. ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಸಣ್ಣ ಉರಿಯಲ್ಲಿ ಕೈಬಿಡದೆ 20 ನಿಮಿಷ ತಿರುವಿ, ಬಿಳಿ ಹೋಗಿ ಅರೆಪಾರದರ್ಶಕವಾಗಲಿ. ಪೂರ್ತಿ ಆರಿದ ಮೇಲೆ ಜರಡಿಯಲ್ಲಿ ಎರಡು ಸಲ ಒತ್ತಿ ಸೋಸಿ, ನೀರು ಬೆರೆಸಿ ತೆಳು ಮೊಸರಿನ ಹದಕ್ಕೆ ತನ್ನಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಹುಳುಗಳಿಗೂ ಇದು ರುಚಿ ಎಂಬುದೇ ಇದರ ದೋಷ.

ಹುಳುವಿನ ಭಯವಿದ್ದರೆ ಮೀಥೈಲ್ ಸೆಲ್ಯುಲೋಸ್ ಎಂಬ ಅಂಟಿನ ಪುಡಿ ಬಳಸಿ. ಇದು ತಣ್ಣೀರಿನಲ್ಲಿ ಕರಗುತ್ತದೆ, ಬಿಸಿನೀರಿನಲ್ಲಿ ಕರಗದು. ನೇರ ತಣ್ಣೀರಿಗೆ ಹಾಕಿದರೆ ಗಂಟುಕಟ್ಟುವುದರಿಂದ, 5 ಗ್ರಾಂ ಪುಡಿಯನ್ನು 70 ಮಿ.ಲೀ. ಕುದಿಯುವಷ್ಟು ಬಿಸಿನೀರಿಗೆ ಉದುರಿಸಿ, ಕದಡಿ, ಆಮೇಲೆ 130 ಮಿ.ಲೀ. ತಣ್ಣೀರು ಸುರಿಯಿರಿ. ಒಂದು ರಾತ್ರಿಯಲ್ಲಿ ತಿಳಿಯಾದ ಲೋಳೆಯಾಗುತ್ತದೆ. ಹಿಡಿತ ಕಡಿಮೆ. ದಪ್ಪ ಕಾಗದಕ್ಕೆ ಇದಕ್ಕೆ ಸಮಪ್ರಮಾಣದ ಪಿವಿಎ, ಅಂದರೆ ಮಾಮೂಲಿ ಬಿಳಿ ಅಂಟು, ಬೆರೆಸಿ. ಪಿವಿಎ ಒಂದೇ ಬೇಗ ಒಣಗುತ್ತದೆ, ತುಣುಕು ಸರಿಸಲು ಸಮಯ ಕೊಡುವುದಿಲ್ಲ. ಬೆರಕೆಯಲ್ಲಿ ಆ ಆತುರವಿರುವುದಿಲ್ಲ.

ಅಕ್ರಿಲಿಕ್ ಮ್ಯಾಟ್ ಮೀಡಿಯಂ ಬಲವಾದದ್ದು, ಆದರೆ ತೆಳು ಕಾಗದದ ಗಾಳಿಸಂದುಗಳನ್ನು ತುಂಬಿ ಅದನ್ನು ಶಾಶ್ವತವಾಗಿ ಪಾರದರ್ಶಕ ಮಾಡುತ್ತದೆ. ಹಿಂಬದಿಯ ಅಕ್ಷರ ಮೂಡುವುದು ಇದರಿಂದಲೇ. ಗೋಂದಿನಲ್ಲಿ ಒದ್ದೆಯಾದಾಗ ಮೂಡಿದ ಅಕ್ಷರ ಒಣಗಿದಂತೆ ಬಹುಪಾಲು ಮಾಸುತ್ತದೆ. ರಬ್ಬರ್ ಸಿಮೆಂಟ್ ಎಂಬ ಅಂಟನ್ನು ಮುಟ್ಟಲೇಬೇಡಿ. ಕೆಲವು ವರ್ಷಗಳಲ್ಲಿ ಹಿಡಿತ ಕಳೆದುಕೊಂಡು, ಕಂದು ಕಲೆ ಬಿಟ್ಟುಹೋಗುತ್ತದೆ.

ಅಂಟಿಸುವ ಹಂತಗಳು

1. ಹಿನ್ನೆಲೆಯಿಂದ ಮುನ್ನೆಲೆಗೆ ಬನ್ನಿ. ಆಮ್ಲೀಯ ಹಾಳೆಯನ್ನು ಒಳ್ಳೆಯ ಕಾಗದಕ್ಕೆ ನೇರ ತಾಗಿಸುವ ಬದಲು ನಡುವೆ ಆಮ್ಲವಿಲ್ಲದ ತೆಳುಹಾಳೆಯೊಂದು ಇರಲಿ.

2. ಅಂಗೈಗಿಂತ ದೊಡ್ಡ ತುಣುಕಾದರೆ ಹಿಂಬದಿಗೆ ನೀರನ್ನು ಮಂಜಿನಂತೆ ಸಿಂಪಡಿಸಿ ಒಂದು ನಿಮಿಷ ಬಿಡಿ. ಬಣ್ಣ ಬಿಡುವ ಹಾಳೆಗೆ, ಆರ್ಟ್ ಪೇಪರಿಗೆ ಇದು ಬೇಡ. ಕಾಗದ ಹಿಗ್ಗುವಷ್ಟು ಮೊದಲೇ ಹಿಗ್ಗಿದ್ದರೆ ಅಂಟಿಸಿದ ಮೇಲೆ ಗುಳ್ಳೆ ಏಳುವುದಿಲ್ಲ.

3. ಬೇಕಿಂಗ್ ಪೇಪರಿನ ಮೇಲೆ ಬೋರಲು ಹಾಕಿ, ನಡುವಿನಿಂದ ಅಂಚಿನಾಚೆಗೆ ಕುಂಚ ಎಳೆಯಿರಿ. ಅಂಚಿನಿಂದ ಒಳಕ್ಕೆ ಎಳೆದರೆ ಅಂಟು ಅಡಿಗೆ ಹೊಕ್ಕು ಮುಂಬದಿಗೆ ಮೆತ್ತುತ್ತದೆ. ಪದರ ತೆಳುವಾಗಿರಲಿ, ಕುಂಚದ ಗೆರೆ ಕಾಣಬೇಕು, ಬಿಳಿ ಮಡುಗಟ್ಟಬಾರದು.

4. ಚಿಮುಟದಿಂದ ಎತ್ತಿ, ಒಂದು ಅಂಚನ್ನು ಮೊದಲು ತಾಗಿಸಿ, ಉಳಿದದ್ದನ್ನು ನಿಧಾನ ಇಳಿಸಿ.

5. ಮೇಲೆ ಹೊಸ ಬೇಕಿಂಗ್ ಪೇಪರ್ ಇಟ್ಟು ಬೋನ್ ಫೋಲ್ಡರಿನಿಂದ ನಡುವಿನಿಂದ ಹೊರಕ್ಕೆ ಒತ್ತಿ. ನೇರವಾಗಿ ಉಜ್ಜಿದರೆ ಒದ್ದೆ ಕಾಗದ ಹೊಳಪೇರುತ್ತದೆ, ಹರಿಯಲೂಬಹುದು.

6. ಬ್ಲಾಟಿಂಗ್ ಪೇಪರ್, ಹಲಗೆ, ಅದರ ಮೇಲೆ ಎ4 ಅಳತೆಗೆ 3ರಿಂದ 4 ಕೆ.ಜಿ. ಭಾರ. 20 ನಿಮಿಷಕ್ಕೆ ಬ್ಲಾಟಿಂಗ್ ಪೇಪರ್ ಬದಲಿಸಿ, ಇಲ್ಲವಾದರೆ ತೇವ ಅಲ್ಲೇ ಉಳಿದು ಬೂಷ್ಟು ಬರುತ್ತದೆ. ಒಂದು ಪದರ ಒಣಗಿದ ಮೇಲೆಯೇ ಮುಂದಿನದು. ಕಡೆಗೆ ಪೂರ್ತಿ 24 ಗಂಟೆ ಭಾರದಡಿ.

7. ತಳ ಬಿಲ್ಲಿನಂತೆ ಬಾಗುವುದು ಗ್ಯಾರಂಟಿ, ಏಕೆಂದರೆ ಒಣಗುವ ಕಾಗದ ಕುಗ್ಗಿ ಬೋರ್ಡನ್ನು ತನ್ನ ಕಡೆ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ದಪ್ಪದ ಹಾಳೆಯನ್ನು, ನಾರಿನ ದಿಕ್ಕು ಮುಂಬದಿಯದಕ್ಕೆ ಹೊಂದುವಂತೆ, ಅದೇ ಅಂಟಿನಿಂದ ಅಂಟಿಸಿ. ಎರಡೂ ಕಡೆಯ ಎಳೆತ ಸಮವಾಗುತ್ತದೆ.

ಕೆಟ್ಟರೆ

ಒಣಗಿದ ಮೇಲೆ ಗುಳ್ಳೆ ಕಂಡರೆ ಚಿತ್ರದ ಕಪ್ಪು ಗೆರೆಯೊಂದರ ಮೇಲೆ ಬ್ಲೇಡಿನಿಂದ 3 ಮಿ.ಮೀ. ಸೀಳಿ, ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೂರಿಸಿ ಒತ್ತಿ. ಗೆರೆಯ ಮೇಲಿನ ಸೀಳು ಯಾರಿಗೂ ಕಾಣದು. ನಾರಿನ ದಿಕ್ಕಿಗೆ ಸಮಾನಾಂತರವಾಗಿ ಸಾಲುಸಾಲು ಸುಕ್ಕು ಬಂದಿದ್ದರೆ ಕಾಗದ ಹಿಗ್ಗುವ ಮೊದಲೇ ಅಂಟಿಸಿದ್ದೀರಿ. ಗೋಂದಾದರೆ ತೇವದ ಬ್ಲಾಟಿಂಗ್ ಪೇಪರ್ ಹತ್ತು ನಿಮಿಷ ಇಟ್ಟು ಎಬ್ಬಿಸಬಹುದು, ಪಿವಿಎ ಅಥವಾ ಅಕ್ರಿಲಿಕ್ ಆದರೆ ಆಸೆ ಬಿಟ್ಟು ಮೇಲೊಂದು ತುಣುಕು ಅಂಟಿಸುವುದೇ ಸರಿ. ಹಿಂಬದಿಯ ಅಕ್ಷರ ಮೂಡಿ ನಿಂತರೆ ಬಿಳಿ ತಳದ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ. ಅಂಥ ಹಾಳೆಗಳನ್ನು ಮುಂದಿನ ಸಲ ಬೂದು ಅಥವಾ ಕಂದು ತಳದ ಮೇಲೆ ಅಂಟಿಸಿ.

ಅಂಚುಗಳು ಎಷ್ಟು ತಿದ್ದಿದರೂ ಕಾಣುತ್ತವೆ ಎನಿಸಿದರೆ ಹಳೆಯ ಉಪಾಯವೊಂದಿದೆ. ಜರ್ಮನ್ ಮೂಲದ ಕಲಾವಿದ ಮಾಕ್ಸ್ ಅರ್ನ್ಸ್ಟ್ 19ನೇ ಶತಮಾನದ ಗೆರೆಚಿತ್ರಗಳಿಂದ ಮಾಡಿದ ಕೊಲಾಜ್‌ಗಳನ್ನು ಮುದ್ರಿಸಿ ಪ್ರಕಟಿಸಿದ. ಮುದ್ರಣದಲ್ಲಿ ಬೆಸುಗೆಯ ಗುರುತೇ ಮಾಯವಾಗುತ್ತಿತ್ತು. ಮುಗಿದ ಕೊಲಾಜನ್ನು ಸ್ಕ್ಯಾನ್ ಮಾಡಿ ಒಂದೇ ಹಾಳೆಯಾಗಿ ಮುದ್ರಿಸಿಕೊಳ್ಳುವುದೂ ಅದೇ.

ಕಾಪಾಡುವುದು

ಚೌಕಟ್ಟು ಹಾಕುವುದಾದರೆ ವಾರ್ನಿಶ್ ಬೇಕಿಲ್ಲ. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿ, ಗಾಜಿಗೂ ಚಿತ್ರಕ್ಕೂ ನಡುವೆ 3ರಿಂದ 5 ಮಿ.ಮೀ. ಸಂದು ಬಿಡಿ. ತಾಗಿಕೊಂಡರೆ ತೇವದಲ್ಲಿ ಕಾಗದ ಗಾಜಿಗೇ ಅಂಟುತ್ತದೆ. ಚೌಕಟ್ಟಿಲ್ಲದಿದ್ದರೆ ಮ್ಯಾಟ್ ಯುವಿ ವಾರ್ನಿಶ್ ಸ್ಪ್ರೇಯನ್ನು 25ರಿಂದ 30 ಸೆಂ.ಮೀ. ದೂರದಿಂದ, ಗಾಳಿಯಾಡುವ ಜಾಗದಲ್ಲಿ, ತೆಳುವಾಗಿ ಎರಡು ಮೂರು ಕೋಟು ಕೊಡಿ. ಮೊದಲು ಅದೇ ಕಾಗದದ ಬೇಡದ ತುಂಡಿನ ಮೇಲೆ ಪರೀಕ್ಷಿಸಿ. ಕೆಲವು ಹಾಳೆಗಳು ವಾರ್ನಿಶಿಗೆ ಎಣ್ಣೆ ಬಿದ್ದಂತೆ ಗಾಢವಾಗುತ್ತವೆ.

ನೇರ ಬಿಸಿಲು ಬೀಳುವ ಗೋಡೆ ಬೇಡ. ವಸ್ತುಸಂಗ್ರಹಾಲಯಗಳು ಇಂಥ ಕಾಗದದ ಕೃತಿಗಳಿಗೆ ಬೆಳಕನ್ನು 50 ಲಕ್ಸ್‌ಗೆ ಮಿತಿಗೊಳಿಸುತ್ತವೆ, ಅಂದರೆ ಮಬ್ಬಾದ ಕೋಣೆ. ಉಳಿದ ತುಣುಕುಗಳನ್ನು ಪಾಲಿಪ್ರೊಪಿಲೀನ್ ಕವರುಗಳಲ್ಲಿ ಇಡಿ, ವಾಸನೆ ಬರುವ ಪಿವಿಸಿ ಕವರು ಶಾಯಿಯನ್ನು ಹೀರಿಕೊಳ್ಳುತ್ತದೆ. ಕೃತಿಯ ಹಿಂಬದಿಯಲ್ಲಿ ದಿನಾಂಕ, ಯಾವ ಅಂಟು, ಚಿತ್ರ ಯಾವ ಪುಸ್ತಕದ್ದು ಎಂದು ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆದಿಡಿ. ಬಾಲ್ ಪೆನ್ನಿನಲ್ಲಿ ಬರೆದರೆ ಒತ್ತು ಮುಂಬದಿಗೆ ಮೂಡುತ್ತದೆ.